ನದಿಯ ಬುಡ ಸಮುದ್ರದಲ್ಲಿ, ತಲೆ ಬೆಟ್ಟದಲ್ಲಿ

ನಕ್ಷೆಯಲ್ಲಿ ಒಂದು ನದಿ ತೋರಿಸಿ ಅಂದರೆ ನನ್ನ ವಿದ್ಯಾರ್ಥಿಗಳು ಬೆಟ್ಟದಿಂದ ಸಮುದ್ರದ ಕಡೆಗೆ ಬೆರಳು ಎಳೆಯುತ್ತಾರೆ. ನದಿ ಬೆಟ್ಟದಲ್ಲಿ ಹುಟ್ಟುತ್ತದೆ, ಸಮುದ್ರ ಸೇರುತ್ತದೆ. ನಮ್ಮ ಮಾತಿನಲ್ಲೇ ಅದು ಇದೆ, ಅಲ್ವಾ? ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಮೂಲನಿವಾಸಿಗಳಾದ ಐನು ಜನರ ಬಗ್ಗೆ ಪಾಠ ಮಾಡುವ ದಿನ ಮಾತ್ರ, ಬೆರಳನ್ನು ನದಿ ಸಮುದ್ರ ಸೇರುವ ಅಳಿವೆಯಲ್ಲಿಟ್ಟು ಮೇಲಕ್ಕೆ ಎಳೆಯಿರಿ ಅನ್ನುತ್ತೇನೆ.

ಐನು ಜನರ ಪಾಲಿಗೆ ನದಿ ಒಂದು ಜೀವ. ಅದು ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತದೆ. ಅಳಿವೆ ಅದರ ಬುಡ, ಮೂಲ ಅದರ ತಲೆ. ಸ್ವತಃ ಐನು ಆಗಿದ್ದ ಭಾಷಾತಜ್ಞ ಚಿರಿ ಮಾಶಿಹೊ ಸ್ಥಳನಾಮಗಳನ್ನು ಬಿಡಿಸಿ ಇದನ್ನು ತೋರಿಸಿದರು. ಮೊದಲ ಸಲ ಓದಿದಾಗ ನನಗೆ ಇದು ಚೆಂದದ ಕಲ್ಪನೆ ಅನ್ನಿಸಿತ್ತು, ಅಷ್ಟೇ. ಅವರ ಊಟ ಯಾವ ದಾರಿಯಲ್ಲಿ ಬರುತ್ತಿತ್ತು ಎಂದು ನೋಡಿದ ಮೇಲೆ ವಿಷಯ ಅರ್ಥವಾಯಿತು. ಚಳಿಗಾಲಕ್ಕೆ ಮುಂಚೆ ಸಾಲ್ಮನ್ ಮೀನು ಸಮುದ್ರ ಬಿಟ್ಟು ಹೊಳೆ ಹತ್ತಿ ಬಂದು ಮೊಟ್ಟೆ ಇಡುತ್ತದೆ. ಐನು ಭಾಷೆಯಲ್ಲಿ ಅದು ಕಮುಯ್ ಚೆಪ್, ಅಂದರೆ ದೇವರ ಮೀನು.

ಐನು ಹಳ್ಳಿಗೆ ಕೊತನ್ ಎಂದು ಹೆಸರು. ಕೆಲವೇ ಮನೆಗಳ ಈ ಹಳ್ಳಿಗಳು ಎಲ್ಲೆಂದರಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಮಾನವಶಾಸ್ತ್ರಜ್ಞ ವತನಬೆ ಹಿತೊಶಿ ಅವರ ಸಂಶೋಧನೆ ಇದನ್ನು ಚೆನ್ನಾಗಿ ಬಿಡಿಸಿಡುತ್ತದೆ. ನೆರೆ ಬಂದರೂ ಮುಳುಗದ ಎತ್ತರದ ದಂಡೆ ಬೇಕು, ಮೀನು ಮೊಟ್ಟೆ ಇಡುವ ಜಾಗ ಹತ್ತಿರ ಇರಬೇಕು. ಮೊಟ್ಟೆ ಇಟ್ಟು ಸೊರಗಿದ ಮೀನಿನಲ್ಲಿ ಜಿಡ್ಡು ಕಡಿಮೆ. ಒಣಗಿಸಿಟ್ಟರೆ ಬೇಗ ಕಮಟು ಹಿಡಿಯುವುದಿಲ್ಲ. ಹಿಮದ ತಿಂಗಳುಗಳಿಗೆ ಅದೇ ದಾಸ್ತಾನು. ಜಿಂಕೆ ಬೇಟೆ, ಬಟ್ಟೆ ನೇಯಲು ಮರದ ತೊಗಟೆ, ಕಾಡು ಗೆಡ್ಡೆ, ಎಲ್ಲವೂ ಅದೇ ಕಣಿವೆಯಲ್ಲಿ. ಊರಿನವರು ಬಳಸುವ ಈ ಇಡೀ ಪ್ರದೇಶಕ್ಕೆ ಇವೊರ್ ಎನ್ನುತ್ತಾರೆ. ಮನೆಯಲ್ಲಿ ದೇವರು ಬರುವ ಕಿಟಕಿ ಒಂದಿರುತ್ತದೆ. ಹಲವು ಕಡೆ ಅದರ ಮುಖ ನದಿಯ ತಲೆಯ ಕಡೆಗೇ.

ಇಂದಿನ ನಕ್ಷೆಯಲ್ಲೂ ಆ ಹೊಳೆಗಳು ಕೇಳಿಸುತ್ತವೆ. ಪೆತ್, ನಾಯ್ ಎರಡಕ್ಕೂ ಹೊಳೆ ಎಂದೇ ಅರ್ಥ. ವಕ್ಕನಾಯ್ ಪಟ್ಟಣ ಮೂಲದಲ್ಲಿ ಯಾಮ್ ವಕ್ಕ ನಾಯ್, ತಣ್ಣೀರಿನ ಹೊಳೆ. ಬಿಸಿನೀರಿನ ಬುಗ್ಗೆಗಳ ನೊಬೊರಿಬೆತ್ಸು ಮೂಲದಲ್ಲಿ ನುಪುರ್ ಪೆತ್, ಬಣ್ಣಗೂಡಿದ ನೀರಿನ ಹೊಳೆ. ಈಗ ಅದನ್ನು ಬರೆಯುವ ಜಪಾನಿ ಅಕ್ಷರಗಳಿಗೆ ‘ಮೇಲೇರು’, ‘ಬೇರೆ’ ಎಂಬ ಅರ್ಥ. ಸದ್ದು ಉಳಿಯಿತು, ನೀರು ಮರೆಯಾಯಿತು. 1845ರಿಂದ 1858ರವರೆಗೆ ಆರು ಸಲ ಇಲ್ಲಿ ಓಡಾಡಿದ ಜಪಾನಿ ಅನ್ವೇಷಕ ಮತ್ಸುಉರ ತಾಕೆಶಿರೊ, ಐನು ಮಾರ್ಗದರ್ಶಿಗಳನ್ನು ಕೇಳಿ ಸಾವಿರಾರು ಹೆಸರು ಬರೆದುಕೊಂಡು ನಕ್ಷೆ ಮಾಡಿದರು. ಆ ನಕ್ಷೆ ಇಲ್ಲದಿದ್ದರೆ ನಮ್ಮಂಥವರಿಗೆ ಕೆಲಸವೇ ಇರುತ್ತಿರಲಿಲ್ಲ.

1869ರಲ್ಲಿ ಸರ್ಕಾರ ದ್ವೀಪಕ್ಕೆ ಹೊಕ್ಕೈಡೊ ಎಂದು ಹೆಸರಿಟ್ಟು ವಲಸೆಗಾರರನ್ನು ತುಂಬಿಸತೊಡಗಿತು. ಮುಂದೆ ಹೊಳೆಗಳಲ್ಲಿ ಸಾಲ್ಮನ್ ಹಿಡಿಯುವುದು ನಿಷೇಧವಾಯಿತು. 1876ರಲ್ಲಿ ವಿಷದ ಬಾಣದ ಬೇಟೆಯೂ ಹೋಯಿತು. 1899ರ ಕಾಯ್ದೆ ಒಂದು ಐನು ಕುಟುಂಬಕ್ಕೆ ಹೆಚ್ಚೆಂದರೆ ಸುಮಾರು 5 ಹೆಕ್ಟೇರ್ ಜಮೀನು ಕೊಟ್ಟು, ಬೇಸಾಯ ಮಾಡಿ ಎಂದಿತು. ಬಡತನ ಬಂದ ಕಥೆಯನ್ನು ಜಾಸ್ತಿ ಜನ ಇಲ್ಲಿಂದ ಶುರು ಮಾಡುತ್ತಾರೆ. ಭೂಗೋಳದವನಾಗಿ ನನಗೆ ಕಾಣುವುದು ಆಕಾರ. ಅಳಿವೆಯಿಂದ ಶಿಖರದವರೆಗೆ ಉದ್ದಕ್ಕೆ ಹರಡಿದ್ದ ಬದುಕನ್ನು ಗೆರೆ ಎಳೆದ ಒಂದು ತುಂಡು ನೆಲದಲ್ಲಿ ಕೂರಿಸಿದರು. ಎಷ್ಟೇ ಹೆಕ್ಟೇರ್ ಕೊಟ್ಟರೂ ಅದು ಕಣಿವೆ ಆಗುವುದಿಲ್ಲ.

2019ರ ಕಾನೂನು ಐನು ಜನರನ್ನು ಮೂಲನಿವಾಸಿಗಳೆಂದು ಒಪ್ಪಿತು. ಆದರೆ ಹೊಳೆಯ ಮೀನಿಗೆ ಇನ್ನೂ ಅನುಮತಿ ಬೇಕು, ಅದೂ ಆಚರಣೆ ಮತ್ತು ಸಂಸ್ಕೃತಿಗೆ ಮಾತ್ರ. ಹೊಕ್ಕೈಡೊದ ಉರಾಹೊರೊ ಪಟ್ಟಣದ ರಾಪೊರೊ ಐನು ನೇಶನ್ ಸಂಘ, ಮೀನು ಹಿಡಿಯುವುದು ನಮ್ಮ ಹಕ್ಕು ಎಂದು 2020ರಲ್ಲಿ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅವರು ಮೇಲ್ಮನವಿ ಹಾಕಿದರು. ಅವರು ಕೇಳಿದ ಜಾಗವನ್ನು ನಕ್ಷೆಯಲ್ಲಿ ಹುಡುಕಿ ನೋಡಿ. ಅದು ಉರಾಹೊರೊ ತೊಕಾಚಿ ನದಿಯ ಅಳಿವೆ.