ಸುಸ್ಥಿರ ಬಳಕೆ: ವನ್ಯಜೀವಿಯ ಮೇಲಿನ ಹಕ್ಕು ಯಾರದು?

ಒಂದು ಪ್ರಾಣಿಯ ಅಥವಾ ಸಸ್ಯದ ಸಂತತಿ ಕಾಲಾಂತರದಲ್ಲಿ ಕುಗ್ಗದಂತೆ ಎಚ್ಚರ ವಹಿಸಿ, ಅದರಿಂದ ಮಾಂಸ, ಉಣ್ಣೆ, ಹಣ ಮುಂತಾದ ಪ್ರಯೋಜನ ಪಡೆಯುವುದನ್ನು ‘ಸುಸ್ಥಿರ ಬಳಕೆ’ ಎನ್ನುತ್ತಾರೆ. 1992ರ ಜೀವವೈವಿಧ್ಯ ಒಪ್ಪಂದವು ಇದನ್ನು ತನ್ನ ಮೂರು ಗುರಿಗಳಲ್ಲಿ ಒಂದಾಗಿ ಸೇರಿಸಿಕೊಂಡಿದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನರು ಒಂಟೆಯ ಕುಟುಂಬಕ್ಕೆ ಸೇರಿದ ವಿಕುನಾ ಎಂಬ ವನ್ಯಪ್ರಾಣಿಗಳನ್ನು ಸುತ್ತುವರಿದು ಹಿಡಿದು, ಉಣ್ಣೆ ಕತ್ತರಿಸಿಕೊಂಡು, ಮತ್ತೆ ಬಯಲಿಗೆ ಬಿಡುವುದೂ ಇದರಲ್ಲಿ ಸೇರುತ್ತದೆ. ಆದರೆ ವಾದವಿವಾದಗಳೆಲ್ಲ ಬೇಟೆಯ ಸುತ್ತಲೇ ನಡೆಯುತ್ತವೆ.

ಇದಕ್ಕೆ ನೈಋತ್ಯ ಆಫ್ರಿಕಾದ ನಮೀಬಿಯಾ ಸ್ಪಷ್ಟ ಉದಾಹರಣೆ. ವನ್ಯಜೀವಿಗಳನ್ನು ಬಳಸಿ ಲಾಭ ಪಡೆಯುವ ಹಕ್ಕು ಅಲ್ಲಿ ವಸಾಹತು ಆಳ್ವಿಕೆಯ ಕಾಲದಲ್ಲಿ ಬಿಳಿಯ ಜಮೀನ್ದಾರರಿಗಷ್ಟೇ ಇತ್ತು. ಆನೆ ಬೆಳೆ ತಿಂದರೂ ಸಿಂಹ ದನ ಹಿಡಿದರೂ ಸಮುದಾಯ ಭೂಮಿಯ ಕಪ್ಪು ಜನರ ಪಾಲಿಗೆ ಉಳಿದದ್ದು ನಷ್ಟ ಮಾತ್ರ. 1990ರಲ್ಲಿ ಸ್ವತಂತ್ರವಾದ ದೇಶವು ಜೀವಸಂಪತ್ತಿನ ಸುಸ್ಥಿರ ಬಳಕೆಯನ್ನು ಸಂವಿಧಾನದ 95ನೇ ವಿಧಿಯಲ್ಲಿಯೇ ಬರೆದುಕೊಂಡಿತು, 1996ರ ತಿದ್ದುಪಡಿ ಕಾಯ್ದೆಯ ಮೂಲಕ ಈ ಹಕ್ಕನ್ನು ಸಮುದಾಯಗಳಿಗೂ ವಿಸ್ತರಿಸಿತು. ಗಡಿ ಗುರುತಿಸಿ, ಸದಸ್ಯರನ್ನು ನೋಂದಾಯಿಸಿ, ಸಮಿತಿ ರಚಿಸಿ, ಲಾಭ ಹಂಚುವ ಕ್ರಮವನ್ನು ಗೊತ್ತುಪಡಿಸಿಕೊಂಡ ಊರುಗಳ ಗುಂಪನ್ನು ‘ಕನ್ಸರ್ವೆನ್ಸಿ’ ಎಂದು ಸರ್ಕಾರ ಮಾನ್ಯ ಮಾಡುತ್ತದೆ. 1998ರಲ್ಲಿ ಆರಂಭವಾದ ಇವುಗಳ ಸಂಖ್ಯೆ ಇಂದು 80 ದಾಟಿದೆ. ಯಾವ ಪ್ರಾಣಿಯನ್ನು ಎಷ್ಟು ಬೇಟೆಯಾಡಬಹುದೆಂಬ ಮಿತಿಗೆ ಸರ್ಕಾರದ ಒಪ್ಪಿಗೆ ಬೇಕು; ಹೊರದೇಶದ ಬೇಟೆಗಾರರು ಕೊಡುವ ಶುಲ್ಕದಿಂದ ಕಾವಲುಗಾರರ ಸಂಬಳ ನಡೆಯುತ್ತದೆ, ಮಾಂಸ ಊರಿಗೆ ಹಂಚಿಕೆಯಾಗುತ್ತದೆ.

ಈ ಹಕ್ಕಿನ ಪರವಾಗಿ ನಮೀಬಿಯಾದಂತಹ ದೇಶಗಳೂ, 1930ರಲ್ಲಿ ಸ್ಥಾಪನೆಯಾದ ಸಿಐಸಿಯಂತಹ ಬೇಟೆಗಾರರ ಅಂತರರಾಷ್ಟ್ರೀಯ ಮಂಡಳಿಗಳೂ ದನಿ ಎತ್ತುತ್ತವೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ 2004ರ ಸಭೆ, ವರ್ಷಕ್ಕೆ ಐದು ಕಪ್ಪು ಘೇಂಡಾಮೃಗಗಳ ಬೇಟೆಯ ಟ್ರೋಫಿಗಳನ್ನು (ಬೇಟೆಗಾರರು ನೆನಪಿಗೆ ಒಯ್ಯುವ ತಲೆ, ಕೊಂಬು, ಚರ್ಮ) ರಫ್ತು ಮಾಡಲು ನಮೀಬಿಯಾಕ್ಕೆ ಅವಕಾಶ ನೀಡಿತು. ಬೇಟೆಯ ಟ್ರೋಫಿಗಳ ಆಮದನ್ನು ತಡೆಯುವ ಮಸೂದೆಗೆ 2023ರಲ್ಲಿ ಬ್ರಿಟನ್ನಿನ ಕೆಳಮನೆ ಒಪ್ಪಿಗೆ ಕೊಟ್ಟಾಗ ಆಫ್ರಿಕಾದ ದಕ್ಷಿಣ ಭಾಗದಿಂದ ತೀವ್ರ ವಿರೋಧ ಬಂದಿತು. ಬೇಟೆಗಾರರಿಗೆ ಬೇಕಾದದ್ದು ಬೇಟೆ, ಊರಿನವರಿಗೆ ಬೇಕಾದದ್ದು ತಮ್ಮ ನೆಲದ ಮೇಲಿನ ಅಧಿಕಾರ. ಈ ಎರಡನ್ನೂ ಒಂದೇ ಎಂದು ತಿಳಿಯುವುದು ತಪ್ಪೆಂದು ನಾನು ಭಾವಿಸುತ್ತೇನೆ. ಪ್ರಾಣಿಗಳ ಎಣಿಕೆಯೇ ನಡೆಯದ, ಹಣ ಊರನ್ನು ತಲುಪದ ಕಡೆ ‘ಸುಸ್ಥಿರ ಬಳಕೆ’ ಎಂಬ ಪದವನ್ನು ಬಳಸಲು ಯಾರಿಗೂ ಅರ್ಹತೆಯಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಅವಕಾಶ ಕೊಡುವುದಿಲ್ಲವಾದರೂ, ಹಕ್ಕಿನ ಪ್ರಶ್ನೆ ಇಲ್ಲಿಯೂ ಇದೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಜೇನು, ನೆಲ್ಲಿ ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಸಮುದಾಯ ಹಕ್ಕು ಅರಣ್ಯ ಹಕ್ಕು ಕಾಯ್ದೆಯಡಿ ದೊರೆತದ್ದು 2011ರಲ್ಲಿ.