ವಿದ್ಯಾರ್ಥಿನಿ ಪಾಠ ಹೇಳಲು ನಿಂತಾಗ ಟೇಬಲ್ ಏನಾಗುತ್ತದೆ?

ಕಾಲೇಜಿನ ಡೇಟಾಬೇಸ್ ಕಟ್ಟಲು ಕೂತರೆ ಮೊದಲು ನೆನಪಾಗುವುದು ಇನ್‌ಹೆರಿಟೆನ್ಸ್. ‘ವ್ಯಕ್ತಿ’ ಎಂಬ ತಾಯಿ ಟೇಬಲ್, ಅದರ ಕೆಳಗೆ ‘ವಿದ್ಯಾರ್ಥಿ’, ‘ಉಪನ್ಯಾಸಕ’ ಎಂಬ ಮಕ್ಕಳು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ‘ಇನ್‌ಹೆರಿಟ್ಸ್’ ಎಂದು ಬರೆದರೆ ಹೆಸರು, ಹುಟ್ಟಿದ ದಿನದ ಕಾಲಂಗಳು ತಾವಾಗಿ ಇಳಿದು ಬರುತ್ತವೆ. ನೋಡಲು ಚಂದ. ಆದರೆ ಪಿಎಚ್‌ಡಿ ಮಾಡುತ್ತಲೇ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುವವರೊಬ್ಬರು ಬಂದರೆ? ಅವರ ಸಾಲು ಯಾವ ಟೇಬಲ್‌ನಲ್ಲಿರಬೇಕು?

ಎರಡರಲ್ಲೂ ಹಾಕಿ ನೋಡಿ. ಅವರ ಐಡಿ 17 ಎಂದಿಟ್ಟುಕೊಳ್ಳಿ. ಅದು ಎರಡೂ ಕಡೆ ಸಲೀಸಾಗಿ ಕೂರುತ್ತದೆ, ಏಕೆಂದರೆ ತಾಯಿಯ ಪ್ರೈಮರಿ ಕೀ (ಒಂದು ಐಡಿ ಒಂದೇ ಸಲ ಬರಬೇಕೆಂಬ ಕಟ್ಟು) ಮಕ್ಕಳಿಗೆ ಇಳಿಯುವುದಿಲ್ಲ. ‘ವ್ಯಕ್ತಿ’ಯ ಸಾಲುಗಳನ್ನು ಕೇಳುವ ಕ್ವೆರಿ, ಅಂದರೆ ಸೆಲೆಕ್ಟ್, ಬರೆದರೆ ಒಬ್ಬರೇ ಎರಡು ಸಲ ಬರುತ್ತಾರೆ. ಇದಕ್ಕಿಂತ ದೊಡ್ಡ ತೊಡಕು ಲೈಬ್ರರಿಯಲ್ಲಿದೆ. ‘ಎರವಲು’ ಟೇಬಲ್‌ನಿಂದ ‘ವ್ಯಕ್ತಿ’ಗೆ ಫಾರಿನ್ ಕೀ (ಇಲ್ಲಿ ಬರೆದ ಐಡಿ ಅಲ್ಲಿ ಇರಲೇಬೇಕೆಂಬ ಕಟ್ಟು) ಕೊಟ್ಟು, 17ರ ಹೆಸರಿಗೆ ಪುಸ್ತಕ ಬರೆಯಲು ಹೋದರೆ ಆ ಕೀ ‘ವ್ಯಕ್ತಿ’ ಟೇಬಲ್‌ನಲ್ಲೇ ಇಲ್ಲ ಎಂಬ ಎರರ್! ಕ್ವೆರಿಯಲ್ಲಿ ಈಗಷ್ಟೇ ಕಂಡ ಸಾಲು ಅದು. ಸೆಲೆಕ್ಟ್ ಮಕ್ಕಳ ಸಾಲುಗಳನ್ನೂ ಕೂಡಿಸಿ ತೋರಿಸುತ್ತದೆ. ಫಾರಿನ್ ಕೀ ತಾಯಿಯ ಸ್ವಂತ ಸಾಲುಗಳನ್ನಷ್ಟೇ ನೋಡುತ್ತದೆ. ಇದು ಅರ್ಥವಾಗಲು ನನಗೆ ಒಂದಿಡೀ ಸಂಜೆ ಹಿಡಿಯಿತು.

ನನ್ನ ಪ್ರಕಾರ ತಪ್ಪು ಪೋಸ್ಟ್‌ಗ್ರೆಸ್‌ನದಲ್ಲ. ವಿದ್ಯಾರ್ಥಿಯಾಗಿರುವುದು ಒಬ್ಬ ಮನುಷ್ಯನ ಜಾತಿಲಕ್ಷಣವಲ್ಲ, ಕೆಲವು ವರ್ಷ ಹೊತ್ತ ಪಾತ್ರ. ಪಾತ್ರವನ್ನು ಡೇಟಾ ಮಾದರಿಯಲ್ಲಿ ಬೇರೆಯಾಗಿ ಗುರುತಿಸುವ ವಿಚಾರವನ್ನು ಡೇಟಾಬೇಸ್ ತಜ್ಞ ಚಾರ್ಲ್ಸ್ ಬ್ಯಾಕ್‌ಮನ್ 1977ರಲ್ಲೇ ಮುಂದಿಟ್ಟಿದ್ದರು.

ಹಾಗಾಗಿ ‘ವ್ಯಕ್ತಿ’ಯಲ್ಲಿ ಒಬ್ಬರಿಗೆ ಒಂದೇ ಸಾಲು. ‘ವಿದ್ಯಾರ್ಥಿ ಪಾತ್ರ’, ‘ಬೋಧಕ ಪಾತ್ರ’ ಬೇರೆ ಟೇಬಲ್‌ಗಳು. ಪ್ರತಿಯೊಂದರಲ್ಲೂ ವ್ಯಕ್ತಿಯ ಐಡಿ ಮತ್ತು ಅವಧಿ. ರಿಜಿಸ್ಟರ್ ನಂಬರ್ ಮೊದಲನೆಯದಕ್ಕೆ, ಗೌರವಧನ ಎರಡನೆಯದಕ್ಕೆ. ಓದು ಮುಗಿದರೆ ಸಾಲು ಅಳಿಸಬೇಕಿಲ್ಲ, ಅವಧಿಯ ಕೊನೆಯ ದಿನಾಂಕ ತುಂಬಿದರಾಯಿತು. ಎರವಲಿನ ಹಳೆಯ ಲೆಕ್ಕವೂ 17ಕ್ಕೇ ಅಂಟಿಕೊಂಡಿರುತ್ತದೆ. ಅವಧಿಗೆ ಮೊದಲ ಮತ್ತು ಕೊನೆಯ ದಿನವನ್ನು ಒಟ್ಟಿಗೆ ಹಿಡಿಯುವ ಡೇಟ್‌ರೇಂಜ್ ಟೈಪ್ ಬಳಸಿ (ಪೋಸ್ಟ್‌ಗ್ರೆಸ್ 9.2ರಿಂದ ಇದೆ) ಎಕ್ಸ್‌ಕ್ಲೂಡ್ ಕನ್‌ಸ್ಟ್ರೈಂಟ್ ಎಂಬ ನಿರ್ಬಂಧ ಹಾಕಿದರೆ, ಒಬ್ಬರದೇ ಎರಡು ವಿದ್ಯಾರ್ಥಿ ಅವಧಿಗಳು ಒಂದರ ಮೇಲೊಂದು ಬೀಳದಂತೆ ಡೇಟಾಬೇಸೇ ತಡೆಯುತ್ತದೆ. ಅದಕ್ಕೆ ಪೋಸ್ಟ್‌ಗ್ರೆಸ್‌ಗೆ ಬಿಟ್ರೀ-ಜಿಸ್ಟ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿಕೊಳ್ಳಬೇಕು, ಮರೆಯಬೇಡಿ. ಟೇಬಲ್‌ಗಳನ್ನು ಜೋಡಿಸಿ ಓದುವ ಜಾಯಿನ್‌ಗಳು ಹೆಚ್ಚುತ್ತವೆ ನಿಜ. ಆ ಜೋಡಣೆಯ ಕ್ವೆರಿಗೇ ಹೆಸರು ಕೊಟ್ಟು ಒಂದು ವ್ಯೂ ಆಗಿ ಬರೆದಿಟ್ಟುಕೊಳ್ಳಿ.

ಇನ್‌ಹೆರಿಟೆನ್ಸ್ ಎಲ್ಲಿ ಹೊಂದುತ್ತದೆ? ಅದೇ ಲೈಬ್ರರಿಯ ಪುಸ್ತಕ ಮತ್ತು ಭೂಪಟಗಳನ್ನು ನೋಡಿ: ಪುಸ್ತಕ ಒಂದು ದಿನ ಭೂಪಟವಾಗುವುದಿಲ್ಲ. ಅಲ್ಲೂ ಎರವಲಿನ ಫಾರಿನ್ ಕೀ ಬೇಕಿದ್ದರೆ ನಾನು ‘ಇನ್‌ಹೆರಿಟ್ಸ್’ ಬರೆಯುವುದಿಲ್ಲ. ತಾಯಿಯ ಪ್ರೈಮರಿ ಕೀಯನ್ನೇ ಮಕ್ಕಳ ಪ್ರೈಮರಿ ಕೀ ಮಾಡಿ, ಫಾರಿನ್ ಕೀಯಿಂದ ಕಟ್ಟುತ್ತೇನೆ.