ಹದಿನಾಲ್ಕು ಅಡಿ ಕೋಣೆಗೆ ಎಷ್ಟು ಉದ್ದದ ಲಾಂಗ್‌ಆರ್ಮ್?

ಪ್ರಶ್ನೆ: ಅಮೆರಿಕಕ್ಕೆ ಬಂದ ಮೇಲೆ ಕ್ವಿಲ್ಟ್ (ನಮ್ಮ ಕೌದಿಯಂಥ ಹೊದಿಕೆ) ಮಾಡುವುದನ್ನು ಕಲಿತೆ. ತುಂಡು ಜೋಡಿಸಿ ಮೇಲ್ಪದರ ಕಟ್ಟುವುದು ಬಹಳ ಇಷ್ಟ. ಆದರೆ ಮೂರು ಪದರ ಸೇರಿಸಿ ಮಾಮೂಲಿ ಹೊಲಿಗೆ ಮೆಷಿನ್ನಿನಲ್ಲಿ ತಳ್ಳುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಮನೆಗೇ ಒಂದು ಲಾಂಗ್‌ಆರ್ಮ್, ಅಂದರೆ ಕ್ವಿಲ್ಟಿನ ಪದರ ಹೊಲಿಯುವ ಉದ್ದ ತೋಳಿನ ಮೆಷಿನ್, ತರಬೇಕೆಂದಿದ್ದೇನೆ. ಬೇಸ್‌ಮೆಂಟಿನಲ್ಲಿ 11 ಅಡಿ ಅಗಲ, 14 ಅಡಿ ಉದ್ದದ ಕೋಣೆ ಖಾಲಿ ಇದೆ. ಅಂಗಡಿಯವರು 12 ಅಡಿಯ ಫ್ರೇಮ್ ತಗೊಳ್ಳಿ ಎನ್ನುತ್ತಿದ್ದಾರೆ. ಹಿಡಿಸುತ್ತದಾ?

ಉತ್ತರ: ಹಿಡಿಸುತ್ತದೆ, ಆದರೂ ಬೇಡ. ನಿಮ್ಮ ಕೋಣೆಗೆ 10 ಅಡಿಯದು ಸರಿ. ಯಾಕೆಂದು ಹೇಳುತ್ತೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ತುಂಬ ಜನ ಕೇಳುತ್ತಾರೆ, ಬಹುತೇಕ ಎಲ್ಲರೂ ಮೊದಲು ಮೆಷಿನ್ ಆರಿಸಿಕೊಂಡು ಆಮೇಲೆ ಟೇಪು ಹಿಡಿದು ಕೋಣೆ ಅಳೆಯುತ್ತಾರೆ. ನನ್ನ ಪ್ರಕಾರ ಆಗಬೇಕಾದ್ದು ಇದರ ತಿರುಗುಮುರುಗು: ಮೊದಲು ಕೋಣೆ, ಆಮೇಲೆ ಫ್ರೇಮ್, ಕೊನೆಗೆ ಮೆಷಿನ್.

ಲಾಂಗ್‌ಆರ್ಮ್ ನೋಡದವರಿಗಾಗಿ ಎರಡು ಮಾತು. ಮಾಮೂಲಿ ಮೆಷಿನ್ನಿನಲ್ಲಿ ಸೂಜಿ ನಿಂತ ಜಾಗದಲ್ಲೇ ಇರುತ್ತದೆ, ಬಟ್ಟೆ ಓಡಾಡುತ್ತದೆ. ಇಲ್ಲಿ ಬಟ್ಟೆ ಫ್ರೇಮಿನ, ಅಂದರೆ ಮೇಜಿನಂತೆ ನಿಲ್ಲುವ ಚೌಕಟ್ಟಿನ, ಉದ್ದನೆಯ ರೋಲರುಗಳ ನಡುವೆ ಹರಡಿಕೊಂಡು ಸುಮ್ಮನಿರುತ್ತದೆ. ಚಕ್ರ ಇರುವ ಮೆಷಿನ್ ಹಳಿಗಳ ಮೇಲೆ ಎಡಬಲಕ್ಕೂ ಹಿಂದೆಮುಂದೆಗೂ ಉರುಳುತ್ತದೆ. ಹಿಡಿಕೆ ಹಿಡಿದು ನೀವು ನಡೆಸಿದಂತೆ ಗೆರೆ ಮೂಡುತ್ತದೆ. ಹೊಲಿದಷ್ಟು ಭಾಗವನ್ನು ರೋಲರಿಗೆ ಸುತ್ತಿ ಮುಂದಿನ ಭಾಗ ತೆರೆದುಕೊಳ್ಳಬೇಕು.

ಈಗ ನಿಮ್ಮ ಕೋಣೆ. 14 ಅಡಿಯಲ್ಲಿ 12 ಅಡಿಯ ಫ್ರೇಮ್ ಇಟ್ಟರೆ ಉಳಿಯುವುದು ಎರಡೇ ಅಡಿ. ಒಂದು ತುದಿಯನ್ನು ಗೋಡೆಗೆ ತಾಗಿಸಿದರೆ ಇನ್ನೊಂದು ಕಡೆ ದಾರಿ ಸಿಗುತ್ತದೆ, ಆದರೆ ಗೋಡೆ ಕಡೆಯ ತುದಿಗೆ ಕೈ ಹೋಗುವುದಿಲ್ಲ. ಆ ತುದಿಯಲ್ಲೂ ಕೆಲಸ ಇರುತ್ತದೆ. ಬಟ್ಟೆಯ ಅಂಚು ಹಿಡಿಯುವ ಕ್ಲಿಪ್ಪುಗಳನ್ನು ಪ್ರತಿ ಸುತ್ತಿಗೂ ಬಿಚ್ಚಿ ಹಾಕಬೇಕು. ಹಿಂಬದಿಗೂ ಹೋಗಬೇಕು: ದಾರದ ಕೋನುಗಳು ಮೆಷಿನ್ನಿನ ಹಿಂದುಗಡೆ ಇರುತ್ತವೆ, ಕಾಗದದ ಮೇಲಿನ ವಿನ್ಯಾಸವನ್ನು ಲೇಸರ್ ಬೆಳಕಿನಿಂದ ಹಿಂಬಾಲಿಸಿ ಹೊಲಿಯುವ ಪ್ಯಾಂಟೋಗ್ರಾಫ್ ಕೆಲಸವನ್ನು ಹಿಂದೆ ನಿಂತೇ ಮಾಡುವುದು. ಅಡ್ಡಡ್ಡ ಅಳತೆಯಲ್ಲಿ ನಿಮಗೆ ತೊಂದರೆಯಿಲ್ಲ. ಫ್ರೇಮೂ ಮೆಷಿನ್ನೂ ಸೇರಿ ನಾಲ್ಕೈದು ಅಡಿ ಆಳ ತಿನ್ನುತ್ತವೆ ಎಂದುಕೊಂಡರೂ ಮುಂದೆ ಮೂರು, ಹಿಂದೆ ಮೂರು ಅಡಿ ಸಿಗುತ್ತದೆ. ಕಷ್ಟವಿರುವುದು ಉದ್ದದಲ್ಲಿ ಮಾತ್ರ.

10 ಅಡಿಯಿಂದ ಏನು ಕಳೆದುಕೊಳ್ಳುತ್ತೀರಿ? ಫ್ರೇಮಿನ ಪೂರ್ತಿ ಉದ್ದಕ್ಕೂ ಹೊಲಿಯಲು ಬರುವುದಿಲ್ಲ. ಮೆಷಿನ್ನಿನ ಮೈಯಗಲವೇ ಎರಡು ತುದಿ ಸೇರಿ ಒಂದು ಒಂದೂವರೆ ಅಡಿ ನುಂಗುತ್ತದೆ. ಅಂದರೆ 10 ಅಡಿಯಲ್ಲಿ ಸುಮಾರು 102ರಿಂದ 108 ಇಂಚು ಹೊಲಿಯಬಹುದು. ಅಮೆರಿಕದ ಕ್ವೀನ್ ಹಾಸಿಗೆಗೆ ಹೊದಿಕೆ 90 ಇಂಚಿನ ಆಸುಪಾಸು ಇರುತ್ತದೆ, ಆರಾಮವಾಗಿ ಕೂರುತ್ತದೆ. ಮಕ್ಕಳ ಕ್ವಿಲ್ಟು, ಸೋಫಾದ ಮೇಲೆ ಹಾಸುವುದು, ಇವಕ್ಕೆಲ್ಲ ಜಾಗ ಧಾರಾಳ. ಕ್ವೀನಿಗಿಂತ ಅಗಲವಾದ ಕಿಂಗ್ ಹಾಸಿಗೆಯ ಹೊದಿಕೆ ಮಾತ್ರ ಇಕ್ಕಟ್ಟು. ಎಂದೋ ಒಮ್ಮೆ ಕಿಂಗ್ ಹೊಲಿಯಬೇಕಾದಾಗ ಕ್ವಿಲ್ಟ್ ಅಂಗಡಿಯಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ದೊಡ್ಡ ಮೆಷಿನ್ ಸಿಗುತ್ತದೆ. ಒಂದು ಸಣ್ಣ ತರಗತಿ ಮುಗಿಸಿದವರಿಗೆ ಇಂಥ ಬಾಡಿಗೆ ಕೊಡುವ ಅಂಗಡಿಗಳು ಅಲ್ಲಿ ಹಲವಾರಿವೆ. ಒಂದೆರಡು ಕ್ವಿಲ್ಟಿಗಾಗಿ ವರ್ಷವಿಡೀ ಮೈ ಸೊಟ್ಟ ಮಾಡಿಕೊಂಡು ಓಡಾಡುವ ಕೋಣೆ ಯಾರಿಗೂ ಬೇಡ.

ಮೆಷಿನ್ನಿನ ತೋಳಿನ ಉದ್ದದ ಬಗ್ಗೆಯೂ ಅಂಗಡಿಯಲ್ಲಿ ತುಂಬ ಮಾತಾಡುತ್ತಾರೆ. 16 ಇಂಚು, 18, 20, 24, 26, ಹೀಗೆ. ಹೇಳಿದ ಅಳತೆಯಷ್ಟೂ ನಿಮ್ಮ ಕೈಗೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಹೊಲಿದ ಭಾಗ ಸುತ್ತಿಕೊಳ್ಳುವ ರೋಲರು ಆ ತೋಳಿನ ಒಳಗೇ ಕೂತಿರುತ್ತದೆ, ಸುರುಳಿ ದಪ್ಪವಾದಂತೆಲ್ಲ ಜಾಗ ಕಿರಿದಾಗುತ್ತದೆ. 18 ಇಂಚಿನ ಮೆಷಿನ್ನಿನಲ್ಲಿ 13–14 ಇಂಚಿನ ಪಟ್ಟಿ ಸಿಕ್ಕರೆ ಸರಿಯೆನ್ನಬೇಕು. ನೀವು ಹೊಲಿಯುವ ಬ್ಲಾಕ್ (ತುಂಡು ಜೋಡಿಸಿ ಮಾಡಿದ ಒಂದೊಂದು ಚೌಕ) 12 ಇಂಚಿನದಾಗಿದ್ದರೆ ಅಷ್ಟು ಸಾಕು.

ಇನ್ನು ನೆಲ. ಯಾರೂ ಸರಿಯಾಗಿ ಹೇಳಿಕೊಡದ ವಿಷಯ ಇದು. ನನಗೆ ಕೇಳಿದರೆ ಮೆಷಿನ್ನಿನ ಬ್ರ್ಯಾಂಡಿಗಿಂತ ಇದೇ ದೊಡ್ಡದು. ಬೇಸ್‌ಮೆಂಟಿನ ಕಾಂಕ್ರೀಟು ಕಣ್ಣಿಗೆ ಸಮ ಕಂಡರೂ ಎಲ್ಲೋ ಒಂದು ಕಡೆ ಇಳಿಜಾರಿರುತ್ತದೆ. ಗ್ಯಾರೇಜಿನ ನೆಲವನ್ನಂತೂ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಬೇಕೆಂದೇ ಇಳಿಸಿ ಹಾಕಿರುತ್ತಾರೆ. ಫ್ರೇಮಿನ ಒಂದು ಕಾಲು ಚೂರು ತಗ್ಗಿದ್ದರೂ ಸಾಕು, ಇಪ್ಪತ್ತು ಕಿಲೋ ತೂಗುವ ಮೆಷಿನ್ ಮೆಲ್ಲಗೆ ಆ ಕಡೆಗೆ ಜಾರುತ್ತದೆ. ನೀವು ನೇರ ಗೆರೆ ಎಳೆಯುತ್ತಿರುವಾಗ ಕೈ ಅರಿವಿಲ್ಲದೆ ಆ ಜಾರಿಕೆಯನ್ನು ತಡೆಯುತ್ತಿರುತ್ತದೆ. ಗೆರೆ ಡೊಂಕಾಗುತ್ತದೆ, ಮಣಿಕಟ್ಟು ನೋಯುತ್ತದೆ, ಅಭ್ಯಾಸ ಸಾಲದು ಎಂದು ನೀವು ಕೊರಗುತ್ತೀರಿ.

ಗಾರೆ ಕೆಲಸದವರು ಬಳಸುವ ರಸಮಟ್ಟ ತನ್ನಿ, ಸ್ವಲ್ಪ ಉದ್ದನೆಯದು. ಫ್ರೇಮಿನ ಪ್ರತಿ ಕಾಲಿನಲ್ಲೂ ತಿರುಗಿಸಿ ಎತ್ತರ ಹೊಂದಿಸುವ ಪಾದ ಇರುತ್ತದೆ. ಮೊದಲು ಉದ್ದಕ್ಕೆ, ಎರಡೂ ಹಳಿಗಳ ಮೇಲೆ. ಆಮೇಲೆ ಒಂದು ಹಳಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ. ಕೊನೆಗೆ ಮೆಷಿನ್ ಕೂರುವ ಗಾಡಿಯ ಮೇಲೆ. ಗುಳ್ಳೆ ಮಧ್ಯಕ್ಕೆ ಬಂದ ಮೇಲೆ ಮೆಷಿನ್ ಏರಿಸಿ, ಎಡ, ನಡು, ಬಲ ಮೂರು ಕಡೆ ನಿಲ್ಲಿಸಿ ಕೈ ಬಿಡಿ. ನಿಂತಲ್ಲೇ ನಿಂತರೆ ಗೆದ್ದಿರಿ. ನಡುವಿನಿಂದ ಮಾತ್ರ ಕದಲದೆ ಎರಡು ತುದಿಗಳಿಂದಲೂ ನಡುವಿನತ್ತ ಉರುಳಿ ಬಂದರೆ ಹಳಿ ಮಧ್ಯದಲ್ಲಿ ಬಾಗಿದೆ ಎಂದು ತಿಳಿಯಿರಿ; ನಡುವಿನ ಕಾಲನ್ನು ಎತ್ತರಿಸಬೇಕು. ಕಾರ್ಪೆಟ್ಟಿನ ಮೇಲೆ ಇಡುವುದಾದರೆ ಪಾದಗಳ ಕೆಳಗೆ ಗಟ್ಟಿ ಹಲಗೆ ತುಂಡು ಕೊಡಿ. ಕೆಲವು ವಾರ ಕಳೆದ ಮೇಲೆ ಮತ್ತೆ ರಸಮಟ್ಟ ಇಟ್ಟು ನೋಡಿ, ಭಾರಕ್ಕೆ ಕಾರ್ಪೆಟ್ ಕುಸಿದಿರುತ್ತದೆ.

ಎತ್ತರವನ್ನೂ ಆವತ್ತೇ ಹೊಂದಿಸಿಕೊಳ್ಳಿ. ನಿಂತು ಹಿಡಿಕೆ ಹಿಡಿದಾಗ ಮೊಣಕೈ ಸಹಜವಾಗಿ ಮಡಚಿರಬೇಕು, ಭುಜ ಮೇಲೇಳಬಾರದು. ಭುಜ ನೋವು ತಪ್ಪಿಸಲೆಂದೇ ನೀವು ಇದನ್ನು ತರುತ್ತಿರುವುದು.

ಕರೆಂಟಿನ ವಿಷಯ ಚಿಕ್ಕದು. ಇಸ್ತ್ರಿಪೆಟ್ಟಿಗೆ ಇರುವ ಸರ್ಕ್ಯೂಟಿಗೇ ಮೆಷಿನ್ ಹಾಕಬೇಡಿ, ಸರ್ಜ್ ಪ್ರೊಟೆಕ್ಟರ್ ಇರಲಿ. ಮುಂದೆ ಬೆಂಗಳೂರಿಗೋ ಮೈಸೂರಿಗೋ ಮರಳುವ ಯೋಚನೆ ಇರುವವರು ಕೊಳ್ಳುವ ಮೊದಲೇ ಮೆಷಿನ್ನಿನ ಹಿಂದಿನ ಪಟ್ಟಿ ಓದಬೇಕು. ಅಮೆರಿಕದ 120 ವೋಲ್ಟಿಗೆ ಮಾತ್ರ ಮಾಡಿದ್ದನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ.

ಫ್ರೇಮ್ ನಿಂತಿತು. ಮೊದಲ ಬಟ್ಟೆ ಏರಿಸಿದ ದಿನ ಬರುವ ತೊಂದರೆಗಳಲ್ಲಿ ಬಹುಪಾಲು ಮೆಷಿನ್ನಿನವಲ್ಲ, ಬಟ್ಟೆ ಏರಿಸಿದ್ದರಲ್ಲಿ ಮತ್ತು ಸೂಜಿಯಲ್ಲಿ ಇರುತ್ತವೆ. ಕೆಳಪದರದ ಬಟ್ಟೆಯೂ ಒಳಗಿನ ಬ್ಯಾಟಿಂಗೂ (ನಡುವೆ ಇಡುವ ಮೆತ್ತನೆಯ ಪದರ) ಮೇಲ್ಪದರಕ್ಕಿಂತ ನಾಲ್ಕೂ ಕಡೆ 4 ಇಂಚು ದೊಡ್ಡದಿರಲಿ. ರೋಲರಿಗೆ ಅಂಟಿದ ಕ್ಯಾನ್ವಾಸ್ ಪಟ್ಟಿಯ ನಡುಬಿಂದುವಿಗೆ ಬಟ್ಟೆಯ ನಡುಬಿಂದು ಕೂಡಿಸಿ, ಅಲ್ಲಿಂದ ಎರಡೂ ಕಡೆಗೆ ಪಿನ್ ಚುಚ್ಚುತ್ತ ಹೋಗಿ. ಬಿಗಿ ಅತಿಯಾಗದಿರಲಿ: ಕೆಳಗಿನಿಂದ ಒಂದು ಬೆರಳಿಂದ ಒತ್ತಿದರೆ, ಮೇಲಿನ ಕೈಗೆ ಆ ಬೆರಳ ತುದಿಯನ್ನು ಹಿಡಿಯಲು ಬರಬೇಕು. ಬರದಿದ್ದರೆ ರೋಲರು ಸಡಿಲಿಸಿ. ಅತಿಬಿಗಿ ಬಟ್ಟೆಯಲ್ಲಿ ಸೂಜಿ ಬಾಗುತ್ತದೆ, ಹೊಲಿಗೆ ತಪ್ಪುತ್ತದೆ, ದಾರ ತುಂಡಾಗುತ್ತದೆ.

ಮನೆ ಮೆಷಿನ್ನಿನ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಆದ್ದರಿಂದ ತಪ್ಪಾಗಿ ಕೂರುವುದೇ ಇಲ್ಲ. ಹೆಚ್ಚಿನ ಲಾಂಗ್‌ಆರ್ಮುಗಳ ಸೂಜಿಯ ಬುಡ ಪೂರಾ ದುಂಡಗೆ, ಹೇಗೆ ಬೇಕಾದರೂ ತಿರುಗಿ ಕೂರುತ್ತದೆ. ಸೂಜಿಯ ಮೈಮೇಲಿನ ಉದ್ದನೆಯ ಕಾಲುವೆ ನಿಮ್ಮ ಕಡೆಗೆ, ಕಣ್ಣಿನ ಹತ್ತಿರದ ತಗ್ಗು ಹಿಂದಕ್ಕೆ ಇರಬೇಕು. ಸ್ಕ್ರೂ ಬಿಗಿಯುವ ಮುನ್ನ ಸೂಜಿಯ ಕಣ್ಣಿಗೆ ಒಂದು ಗುಂಡುಸೂಜಿ ತೂರಿಸಿ. ಅದು ನೆಟ್ಟಗೆ ನಿಮ್ಮ ಕಡೆ ನೋಡುತ್ತಿದ್ದರೆ ಸೂಜಿ ಸರಿಯಾಗಿ ಕೂತಿದೆ. ಹೊಲಿಗೆ ತಪ್ಪುತ್ತಿದೆ, ಟೈಮಿಂಗ್ (ಸೂಜಿಯೂ ಕೆಳಗಿನ ಕೊಕ್ಕೆಯೂ ಸಂಧಿಸುವ ಹೊಂದಾಣಿಕೆ) ಕೆಟ್ಟಿರಬೇಕು ಎಂದು ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಸೂಜಿ ಬದಲಿಸಿ, ಈ ಪರೀಕ್ಷೆ ಮಾಡಿ.

ಟೆನ್ಷನ್ನಿನಲ್ಲಿ, ಅಂದರೆ ದಾರದ ಬಿಗಿಯಲ್ಲಿ, ಕೆಳದಾರ ಸುತ್ತಿದ ಬಾಬಿನ್ನಿನಿಂದಲೇ ಶುರು ಮಾಡಬೇಕು. ಬಾಬಿನ್ ತುಂಬಿದ ಕೇಸನ್ನು ಅಂಗೈ ಮೇಲೆ ಇಟ್ಟು ದಾರ ಮೇಲಕ್ಕೆಳೆಯಿರಿ. ಕೇಸು ಅಂಚಿನ ಮೇಲೆ ಎದ್ದು ನಿಲ್ಲಬೇಕು, ಅಂಗೈ ಬಿಟ್ಟು ಮೇಲೇಳಬಾರದು. ಸಣ್ಣ ಸ್ಕ್ರೂವನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ, ಮತ್ತೆ ಎಳೆದು ನೋಡಿ. ಇದು ಸರಿಹೋದ ಮೇಲೆ ಮೇಲಿನ ದಾರಕ್ಕೆ ಬನ್ನಿ. ಬಾಬಿನ್ ದಾರ ಮೇಲೆ ಇಣುಕಿದರೆ ಮೇಲಿನದನ್ನು ಸಡಿಲಿಸಿ. ಮೇಲಿನ ದಾರ ಕೆಳಗೆ ನೆಟ್ಟಗೆ ಮಲಗಿ ಬೆರಳಿಗೆ ತಾಗಿದರೆ ಬಿಗಿ ಮಾಡಿ. ಪ್ರತಿ ಸಲ ಬಾಬಿನ್ ಬದಲಿಸುವಾಗ ಕೊಕ್ಕೆಯ ಸುತ್ತಲಿನ ಬಟ್ಟೆ ಧೂಳು ಒರೆಸಿ, ಕೈಪಿಡಿ ಹೇಳಿದಷ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಕೂಡದು, ಅವು ಅಂಟಾಗುತ್ತವೆ.

ಕೈ ಓಡಿದ ವೇಗಕ್ಕೆ ತಕ್ಕಂತೆ ಹೊಲಿಗೆಯ ಉದ್ದ ಸಮ ಇಡುವ ಸ್ಟಿಚ್ ರೆಗ್ಯುಲೇಟರ್ ಇರಲೇಬೇಕು. ವಿನ್ಯಾಸವನ್ನು ತಾನೇ ಹೊಲಿಯುವ ಕಂಪ್ಯೂಟರಿಗೆ ಮುಂದೆ ಬೇಕಾದರೆ ದುಡ್ಡು ಹಾಕಿ, ಇದಕ್ಕೆ ಈಗಲೇ ಹಾಕಿ. ಚಕ್ರಗಳಿಗೋ ಹಳಿಗೋ ಒತ್ತಿಕೊಂಡಿರುವ ಎನ್‌ಕೋಡರುಗಳು ಚಲನೆಯನ್ನು ಅಳೆದು ಮೋಟರಿಗೆ ತಿಳಿಸುತ್ತವೆ, ಎಡಬಲಕ್ಕೆ ಒಂದು, ಹಿಂದೆಮುಂದೆಗೆ ಒಂದು. ಅಡ್ಡ ಗೆರೆಯಲ್ಲಿ ಮಾತ್ರ ಹೊಲಿಗೆ ಉದ್ದುದ್ದ ಬೀಳುತ್ತಿದ್ದರೆ ಎಡಬಲದ್ದನ್ನು ನೋಡಿ: ಚಕ್ರಕ್ಕೋ ಹಳಿಗೋ ಸರಿಯಾಗಿ ತಾಗುತ್ತಿದೆಯಾ, ದಾರದ ಎಳೆ ಸಿಕ್ಕಿಕೊಂಡಿದೆಯಾ.

ಇಲ್ಲಿ ಕೌದಿಯ ಮಾತು ಬರದೆ ಇರದು. ಉತ್ತರ ಕರ್ನಾಟಕದ ಮನೆಗಳಿಂದ ಬಂದವರು ಹಳೆ ಸೀರೆಗಳ ಕೌದಿಯನ್ನು ಇದರಲ್ಲಿ ಹೊಲಿಯಬಹುದೇ ಎಂದು ಕೇಳುತ್ತಾರೆ. ಸೀರೆಗಳನ್ನು ಮೂರು ಪದರದ ಕ್ವಿಲ್ಟಾಗಿ ಜೋಡಿಸಿದರೆ ಖಂಡಿತ ಬರುತ್ತದೆ. ಹತ್ತಿ ಸೀರೆ ಕೆಳಪದರಕ್ಕೆ ಒಳ್ಳೆಯದು, ಆದರೆ ಬಿಗಿಯಾಗಿ ನೇಯ್ದ ಅಂಚನ್ನು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಬದಿಯಲ್ಲಿ ಸುಕ್ಕು ಕಟ್ಟುತ್ತದೆ. ಜರಿ ಇರುವಲ್ಲಿ ಸೂಜಿ ಓಡಿಸಬೇಡಿ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಮಾಡುವ ಕೌದಿ ಬೇರೆಯೇ ಬಗೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದೂ ಪದರ ಹೊಲಿಯುವುದೂ ಒಟ್ಟೊಟ್ಟಿಗೆ ನಡೆಯುತ್ತದೆ. ಫ್ರೇಮಿಗೆ ಏರಿಸಲು ಅಲ್ಲಿ ಸಿದ್ಧವಾದ ಮೇಲ್ಪದರವೇ ಇರುವುದಿಲ್ಲ. ಅದನ್ನು ಕೈಯಲ್ಲೇ ಮಾಡಬೇಕು, ಕೈಯಲ್ಲೇ ಚೆಂದ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ. ಹೊರಗೆ ಕೊಟ್ಟು ಹೊಲಿಸಿದರೆ ಚದರ ಇಂಚಿನ ಲೆಕ್ಕ. ಚದರ ಇಂಚಿಗೆ 3 ಸೆಂಟ್ ಎಂದಿಟ್ಟುಕೊಂಡರೆ 60ಕ್ಕೆ 80 ಇಂಚಿನ ಕ್ವಿಲ್ಟಿಗೆ 144 ಡಾಲರ್. ಮೆಷಿನ್ನೂ ಫ್ರೇಮೂ ಸೇರಿ 10,000 ಡಾಲರ್ ಆದರೆ ಅದು ಸುಮಾರು 70 ಕ್ವಿಲ್ಟಿನ ಕೂಲಿ. ವರ್ಷಕ್ಕೆ ಮೂರೋ ನಾಲ್ಕೋ ಹೊಲಿಯುವವರು ಬಾಡಿಗೆ ಮೆಷಿನ್ನಿನಲ್ಲೇ ಇರುವುದು ಮೇಲು. ಹದಿನೈದು ಇಪ್ಪತ್ತು ಹೊಲಿಯುವವರು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವ ಮುಂಚೆ ನಾಲ್ಕೈದು ಕಂಪನಿಯ ಮೆಷಿನ್ನುಗಳನ್ನು ಒಂದೇ ದಿನ ಓಡಿಸಿ ನೋಡಿ. ಕೆಂಟಕಿಯ ಪಡೂಕಾ, ಟೆಕ್ಸಸ್ಸಿನ ಹ್ಯೂಸ್ಟನ್‌ನಂಥ ಊರುಗಳ ದೊಡ್ಡ ಕ್ವಿಲ್ಟ್ ಮೇಳಗಳಲ್ಲಿ ಅದಕ್ಕೆ ಅವಕಾಶವಿದೆ, ಮೇಳದಲ್ಲಿ ಬಳಸಿದ ಮೆಷಿನ್ನುಗಳನ್ನು ಕೊನೆಗೆ ಬೆಲೆ ಇಳಿಸಿ ಮಾರುವುದೂ ಉಂಟು. ನೀವು ನಿತ್ಯ ಬಳಸುವ ದಾರವನ್ನೇ ಕೈಚೀಲದಲ್ಲಿ ಒಯ್ದು ಅದರಲ್ಲಿ ಹೊಲಿದು ನೋಡಿ.

ಮಾರುವವರನ್ನು ಒಂದು ಮಾತು ಕೇಳಲೇಬೇಕು: ಟೈಮಿಂಗ್ ತಪ್ಪಿದರೆ ಮನೆಗೆ ಬರುವವರು ಯಾರು, ಎಷ್ಟು ದೂರದಿಂದ? ಯಾರೂ ಬರುವುದಿಲ್ಲ ಎಂದಾದರೆ ಮೆಷಿನ್ನನ್ನು ಫ್ರೇಮಿನಿಂದ ಇಳಿಸಿ ಕೊರಿಯರಿನಲ್ಲಿ ಕಳಿಸಬೇಕಾಗುತ್ತದೆ. ಹಾಗಾಗಿ ಬಂದ ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲ್ ಅಚ್ಚುಗಳನ್ನೂ ಎಸೆಯಬೇಡಿ, ಫ್ರೇಮಿನ ಕೆಳಗೇ ಇಟ್ಟುಕೊಳ್ಳಿ.